ಉಪ್ಪಿನ ಡಬ್ಬಿಯ ಜೊತೆಗೊಂದು ಪತ್ರ

ಗೋಕರ್ಣ

ಕೂಸೇ,

"ಸೋಡಿಯಂಗೆ ಎಲೆಕ್ಟ್ರಾನ್ ಕೊಡೋ ಆಸೆ, ಕ್ಲೋರಿನ್‌ಗೆ ತಗೊಳ್ಳೋ ಆಸೆ ಅಂತಾರೆ. ಪರಮಾಣುವಿಗೆ ಎಂಥಾ ಆಸೆ ಆಯಿ?" ಅಂತ ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ರಾತ್ರಿ ನಿದ್ದೆಯೇ ಹತ್ತಲಿಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ನೀನು ಕೇಳಿದ್ದು ಸರಿ.

ಸೋಡಿಯಂನ 11 ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿನ ಸುತ್ತ ಕವಚ ಎಂಬ ಪದರಗಳಲ್ಲಿ, ಒಳಗಿನಿಂದ ಹೊರಕ್ಕೆ 2, 8, 1 ಎಂದು ಕೂತಿರುತ್ತವೆ. ಹೊರಕವಚದ ಆ ಒಂಟಿಯನ್ನು ಕೀಳಲು ಸುಮಾರು 5.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಪುಕ್ಕಟೆ ಬರುವುದಿಲ್ಲ. ಎರಡನೆಯದಕ್ಕೆ ಕೈ ಹಾಕಿದರೆ 47 ಬೇಕು! ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡು ಸ್ವಲ್ಪ ಹೊತ್ತು ನೋಡು. ಪುಸ್ತಕದಲ್ಲಿ ಬಿಡಿಸಿದ ವೃತ್ತಗಳನ್ನು ಮರೆತುಬಿಡು, ಕವಚ ಕಾಣುವುದು ಈ ಜಿಗಿತದಲ್ಲಿ. ಒಳಗಿನ ಹತ್ತು ಎಲೆಕ್ಟ್ರಾನ್‌ಗಳು ಅಡ್ಡ ನಿಂತದ್ದರಿಂದ ಹೊರಗಿನದಕ್ಕೆ ನ್ಯೂಕ್ಲಿಯಸ್ಸಿನ ಸೆಳೆತ ಕಡಿಮೆ ತಟ್ಟುತ್ತದೆ. ಒಳಗಿನವಕ್ಕೆ ಅಷ್ಟು ಮರೆಯಿಲ್ಲ. 1916ರಲ್ಲಿ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಪರಮಾಣುವನ್ನು ಬರೆದು ತೋರಿಸುವಾಗ ಹೊರಕವಚದ ಎಲೆಕ್ಟ್ರಾನ್‌ಗಳಿಗೆ ಮಾತ್ರ ಚುಕ್ಕಿಯಿಟ್ಟದ್ದು ಯಾಕೆಂದು ಈಗ ಹೊಳೆಯಿತೇ?

ಕ್ಲೋರಿನ್ 2, 8, 7. ಒಂದು ಎಲೆಕ್ಟ್ರಾನ್ ಸೇರಿಕೊಂಡಾಗ ಹೊರಬರುವ ಶಕ್ತಿ 3.6 ಮಾತ್ರ. ಲೆಕ್ಕಕ್ಕೆ ಒಂದೂವರೆ ಕಡಿಮೆ ಬಿತ್ತು. ಇಲ್ಲಿಗೇ ನಿಂತಿದ್ದರೆ ಉಪ್ಪೇ ಆಗುತ್ತಿರಲಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಧನ ಅಯಾನು, ಪಡೆದ ಕ್ಲೋರಿನ್ ಋಣ ಅಯಾನು, ಅಂದರೆ ಕ್ಲೋರೈಡ್. ಇವೆರಡು ಒಂದನ್ನೊಂದು ಸೆಳೆದು ಹತ್ತಿರ ಬಂದಾಗ ಬಿಡುಗಡೆಯಾಗುವ ಶಕ್ತಿ ಆ ಕೊರತೆಯನ್ನು ತುಂಬಿ ಇನ್ನೂ ಮಿಗುತ್ತದೆ. ಹರಳಿನೊಳಗೆ ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಆಸೆ ಎಂಬ ಮಾತಿಗೆ ಇಲ್ಲಿ ಕೆಲಸವೇ ಇಲ್ಲ ಮಗಾ.

ಬೆಳಗಾಗುತ್ತಲೇ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಹೋಗಿ ಒಂದು ಹಿಡಿ ಹರಳುಪ್ಪು ತಂದೆ. ಅಂಗೈಯಲ್ಲಿಟ್ಟು ಮಸೂರ ಹಿಡಿದರೆ, ಮೂಲೆ ಮುಕ್ಕಾಗಿದ್ದರೂ ಎಲ್ಲವೂ ಚೌಕ ಚೌಕ. ಆರಾರು ದಿಕ್ಕಿನ ಆ ಜೋಡಣೆಯೇ ಕಣ್ಣಿಗೆ ಬಿದ್ದಂತಾಯಿತು. ಆದರೆ ಒಂದನ್ನು ತಪ್ಪು ತಿಳಿಯಬೇಡ. ಆಗರದಲ್ಲಿ ಎಲೆಕ್ಟ್ರಾನ್ ಕೈ ಬದಲಾಗುವುದಿಲ್ಲ. ಅಘನಾಶಿನಿ ಹೊಳೆಯ ಉಪ್ಪುನೀರಿನಲ್ಲಿ ಸೋಡಿಯಂ, ಕ್ಲೋರಿನ್ ಎರಡೂ ಮೊದಲೇ ಅಯಾನುಗಳು. ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ.

ಶಿರಸಿಗೆ ಹೊರಟ ಮಾವನ ಕೈಲಿ ಡಬ್ಬಿ ಕೊಟ್ಟಿದ್ದೇನೆ, ಮಸೂರವೂ ಅದರಲ್ಲೇ ಇದೆ. ನೋಡಿದ ಮೇಲೆ ಮುಚ್ಚಳ ಬಿಗಿಯಾಗಿ ಹಾಕು, ಪಸೆ ಎಳೆದರೆ ಮೂಲೆಗಳು ಕರಗಿಬಿಡುತ್ತವೆ.

ನಿನ್ನ ಆಯಿ