ಫ್ಲ್ಯಾಟ್ ಖರೀದಿ: ನೆಲದ ಪಾಲು ಯಾರ ಹೆಸರಿನಲ್ಲಿದೆ?

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ–ಧಾರವಾಡದಲ್ಲಿ ಮನೆ ಕೊಳ್ಳಲು ಹೊರಟವರು ಫ್ಲ್ಯಾಟಿಗೆ ಎಷ್ಟು, ಸ್ವತಂತ್ರ ಮನೆಗೆ ಎಷ್ಟು ಎಂದು ದರವನ್ನಷ್ಟೇ ತೂಗಿ ನೋಡುತ್ತಾರೆ. ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರದಂಥ ಕಡೆ ಖಾಲಿ ನಿವೇಶನವೇ ದುರ್ಲಭವಾಗಿ, ಹಳೆಯ ಬಂಗಲೆ ಕೆಡವಿದ ಜಾಗದಲ್ಲಿ ಹತ್ತು–ಹನ್ನೆರಡು ಫ್ಲ್ಯಾಟುಗಳ ಕಟ್ಟಡ ಏಳುತ್ತಿರುವಾಗ, ದರಕ್ಕಿಂತ ಮೊದಲು ಕೇಳಬೇಕಾದದ್ದು ಆ ನೆಲದಲ್ಲಿ ನಮ್ಮ ಪಾಲೆಷ್ಟು, ಅದು ಯಾವ ಕಾಗದದಲ್ಲಿದೆ ಎಂಬುದನ್ನು.

ಸ್ವತಂತ್ರ ಮನೆಯ ವಿಷಯದಲ್ಲಿ ಇದಕ್ಕೆ ಉತ್ತರ ಸರಳ. ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಮಂಜೂರಾದ ಲೇಔಟ್ ನಕ್ಷೆ, ಪಾಲಿಕೆಯ ಉತಾರ (ಆಸ್ತಿ ದಾಖಲೆಯ ಪ್ರತಿ), ಋಣಭಾರ ಪ್ರಮಾಣಪತ್ರ ಸರಿಯಿದ್ದರೆ ನೆಲವೂ ಗೋಡೆಯೂ ನಮ್ಮವೇ. ಎರೆಮಣ್ಣಿನ ಬಡಾವಣೆಯಾದರೆ ಮಾತ್ರ ತಳಪಾಯಕ್ಕೆ ಹೆಚ್ಚು ಹಣ ತೆಗೆದಿಡಬೇಕು; ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣು, ಅಡಿಪಾಯ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳದೆ ಬಿಡದು.

ಫ್ಲ್ಯಾಟಿನಲ್ಲಿ ನಮಗೆ ದಕ್ಕುವುದು ನೆಲದ ಅವಿಭಜಿತ ಪಾಲು, ಅಂದರೆ ಗಡಿ ಹಾಕಿ ಬೇರ್ಪಡಿಸದ, ಎಲ್ಲ ಮಾಲೀಕರಿಗೂ ಸೇರಿದ ನೆಲದಲ್ಲಿನ ಪಾಲು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಬಿಲ್ಡರ್ ನಿವಾಸಿಗಳ ಸಂಘ ರಚನೆಗೆ ಅನುವು ಮಾಡಿಕೊಟ್ಟು, ಮೆಟ್ಟಿಲು, ಲಿಫ್ಟ್‌ನಂಥ ಸಾಮಾನ್ಯ ಪ್ರದೇಶವನ್ನು ಆ ಸಂಘದ ಹೆಸರಿಗೆ ಬರೆದುಕೊಡಬೇಕು. ಸ್ವಾಧೀನದಿಂದ ಐದು ವರ್ಷದೊಳಗೆ ಕಂಡ ನಿರ್ಮಾಣ ದೋಷವನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟುಗಳು ಎಂಟು ಮೀರದಿದ್ದರೆ, ಯೋಜನೆಯ ನೋಂದಣಿಯೇ ಕಡ್ಡಾಯವಲ್ಲ. 60×80 ಅಡಿಯ ನಿವೇಶನವೆಂದರೆ ಸುಮಾರು 446 ಚದರ ಮೀಟರ್. ಅಂದಮೇಲೆ ಅದರ ಮೇಲೆ ಹನ್ನೆರಡು ಫ್ಲ್ಯಾಟ್ ಕಟ್ಟಿದರೂ ರೇರಾ ನೋಂದಣಿಯ ಹಂಗಿಲ್ಲ. ನಮ್ಮ ಊರಿನ ಅದೆಷ್ಟೋ ಸಣ್ಣ ಕಟ್ಟಡಗಳು ಇದೇ ಅಳತೆಯವು.

ರಾಜ್ಯದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಾದರೂ ಕಾಯುತ್ತದೆಯೇ ಎಂದರೆ, ಮಾಲೀಕರು ಘೋಷಣಾಪತ್ರ ಬರೆದು ಕಟ್ಟಡವನ್ನು ಅದರ ವ್ಯಾಪ್ತಿಗೆ ತಂದಾಗಷ್ಟೇ ಅದು ಅನ್ವಯಿಸುತ್ತದೆ. ಘೋಷಣಾಪತ್ರವೂ ಇಲ್ಲ, ಸಂಘವೂ ಇಲ್ಲ ಎಂದಾದರೆ ಏನಾಗುತ್ತದೆಂಬುದನ್ನು ನಾನಿರುವ ಕಟ್ಟಡದಲ್ಲೇ ನೋಡುತ್ತಿದ್ದೇನೆ. ಲಿಫ್ಟ್ ಕೆಟ್ಟಾಗ ನೆಲಮಹಡಿಯವರು, 'ನಾವು ಲಿಫ್ಟ್ ಹತ್ತಂಗಿಲ್ಲ, ರೊಕ್ಕ ಯಾಕ ಕೊಡಬೇಕ್ರೀ?' ಎನ್ನುತ್ತಾರೆ, ಬೇಸಿಗೆಯ ಟ್ಯಾಂಕರ್ ನೀರಿನ ಲೆಕ್ಕ ಬಂದಾಗ, ಬೀಗ ಹಾಕಿದ ಫ್ಲ್ಯಾಟಿನವರು ಫೋನನ್ನೇ ಎತ್ತುವುದಿಲ್ಲ. ಬಳಸುವುದಿಲ್ಲವೆಂಬ ಕಾರಣಕ್ಕೆ ಯಾರೂ ಸಾಮಾನ್ಯ ಖರ್ಚಿನ ಪಾಲು ತಪ್ಪಿಸಿಕೊಳ್ಳುವಂತಿಲ್ಲ ಎಂದು ಆ ಕಾಯ್ದೆ ಹೇಳುತ್ತದೆ ನಿಜ, ಆದರೆ ಅದರ ವ್ಯಾಪ್ತಿಗೇ ಬಾರದ ಕಟ್ಟಡದಲ್ಲಿ ಅದನ್ನು ಯಾರ ಮುಂದೆ ಹಿಡಿಯುವುದು?

ಹೀಗೆಂದು ಫ್ಲ್ಯಾಟ್ ಬೇಡವೆನ್ನುತ್ತಿಲ್ಲ. ಮಕ್ಕಳು ಬೆಂಗಳೂರು, ಪುಣೆ ಸೇರಿರುವ ವಯಸ್ಸಾದ ದಂಪತಿಗೆ, ನಳಕ್ಕೆ ನೀರು ಬರುವ ದಿನ ಕಾದು ಸಂಪು ತುಂಬಿಸುವ ತಾಪತ್ರಯವಿಲ್ಲದ ಫ್ಲ್ಯಾಟೇ ಲೇಸು. ಅವರು ಮುಂಗಡ ಕೊಡುವ ಮೊದಲೇ ನೆಲದ ಪಾಲನ್ನು ಚದರ ಅಡಿಯಲ್ಲಿ ನಮೂದಿಸಿದ ಕ್ರಯಪತ್ರದ ಕರಡು, ಘೋಷಣಾಪತ್ರ ಮತ್ತು ಕಟ್ಟಡ ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಸ್ವಾಧೀನ ಪ್ರಮಾಣಪತ್ರವನ್ನು ಕೇಳಿ, ವಕೀಲರಿಗೆ ತೋರಿಸಲಿ.

500 ಚದರ ಮೀಟರ್, ಎಂಟು ಫ್ಲ್ಯಾಟುಗಳ ಈ ಮಿತಿಯನ್ನು ಇಳಿಸುವ ಅಧಿಕಾರವನ್ನು ರೇರಾ ಕಾಯ್ದೆಯೇ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ನಮ್ಮ ಶಾಸಕರು ಈ ವಿಷಯವನ್ನು ಸದನದಲ್ಲಿ ಎತ್ತಬೇಕು. ಅಲ್ಲಿಯವರೆಗೆ ಮಹಾನಗರ ಪಾಲಿಕೆಯು ಸಣ್ಣ ಅಪಾರ್ಟ್‌ಮೆಂಟ್‌ಗಳಿಗೆ ಸ್ವಾಧೀನ ಪ್ರಮಾಣಪತ್ರ ಕೊಡುವಾಗಲಾದರೂ ಘೋಷಣಾಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು.

– ಒಬ್ಬ ಫ್ಲ್ಯಾಟ್ ಮಾಲೀಕ, ಹುಬ್ಬಳ್ಳಿ