ಪಟ್ಟಿಗೆ ಸೇರಿದ ಮನೆಗೂ ಮೊಳೆ ಹೊಡೆಯಬಹುದು: ಕ್ವೆಡ್ಲಿನ್‌ಬುರ್ಗ್ ಬಗ್ಗೆ ಒಂದು ತಿದ್ದುಪಡಿ

ಸಂಪಾದಕರಿಗೆ,

ಮಾನ್ಯರೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜರ್ಮನಿಯ ಕ್ವೆಡ್ಲಿನ್‌ಬುರ್ಗ್ ಊರಿನ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆವು. ಚಿತ್ರಗಳು ಸೊಗಸಾಗಿದ್ದವು. ಆದರೆ ಅಲ್ಲಿನ ಹಳೆ ಮನೆಗಳೆಲ್ಲ ಸರ್ಕಾರದ ವಶದಲ್ಲಿವೆ, ಒಳಗಿರುವವರು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ ಎಂದು ಬರೆದಿರುವುದು ತಪ್ಪು. ಹಳೆ ಮನೆಯನ್ನು ಸಂರಕ್ಷಿತ ಪಟ್ಟಿಗೆ ಸೇರಿಸುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮನೆಯವರು ಹೆದರುವುದು ಇದೇ ಕಲ್ಪನೆಯಿಂದ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಹಾರ್ತ್ಸ್ ಬೆಟ್ಟಗಳ ಉತ್ತರದ ಬುಡದಲ್ಲಿ, ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯದಲ್ಲಿ ಈ ಪುಟ್ಟ ಪಟ್ಟಣವಿದೆ. ಬಂಡೆಗುಡ್ಡದ ಮೇಲೆ ಸಂತ ಸೆರ್ವಾಟಿಯುಸ್ ಇಗರ್ಜಿ. 936ರಲ್ಲಿ ತೀರಿಕೊಂಡ ದೊರೆ ಒಂದನೇ ಹೈನ್‌ರಿಖ್‌ನನ್ನು ಹೂಳಿದ್ದು ಇದೇ ಗುಡ್ಡದಲ್ಲಿ. ಅದೇ ವರ್ಷ ಅವನ ರಾಣಿ ಮಟಿಲ್ಡೆ ಮತ್ತು ಮಗ ಒಟ್ಟೊ ಅಲ್ಲಿ ಸ್ಥಾಪಿಸಿದ ಸ್ತ್ರೀಯರ ಮಠ 1803ರವರೆಗೆ ನಡೆಯಿತು. ಗುಡ್ಡದ ಕೆಳಗಿನ ಊರಿನಲ್ಲಿ ಸಾವಿರಕ್ಕೂ ಹೆಚ್ಚು ಮರದ ಚೌಕಟ್ಟಿನ ಮನೆಗಳಿವೆ. ಊರಿನವರು ಹೇಳುವ ಲೆಕ್ಕ 2,000ವನ್ನೂ ದಾಟುತ್ತದೆ. ಇಗರ್ಜಿ, ಕೋಟೆ, ಹಳೆ ಊರು ಮೂರನ್ನೂ ಒಟ್ಟಾಗಿ ಯುನೆಸ್ಕೊ 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಗಳಲ್ಲಿ ಹೆಚ್ಚಿನವಕ್ಕೆ ಖಾಸಗಿ ಒಡೆಯರಿದ್ದಾರೆ. ಮಾರುತ್ತಾರೆ, ಕೊಳ್ಳುತ್ತಾರೆ, ಬಾಡಿಗೆಗೆ ಕೊಡುತ್ತಾರೆ, ಅಡುಗೆಮನೆ ಹೊಸದು ಮಾಡಿಸುತ್ತಾರೆ.

ಜರ್ಮನಿಯಲ್ಲಿ ಸ್ಮಾರಕ ಸಂರಕ್ಷಣೆ ಒಕ್ಕೂಟ ಸರ್ಕಾರದ ವಿಷಯವಲ್ಲ. 16 ರಾಜ್ಯಗಳಿಗೂ ಬೇರೆ ಬೇರೆ ಕಾಯ್ದೆ. ಕ್ವೆಡ್ಲಿನ್‌ಬುರ್ಗ್‌ಗೆ ಅನ್ವಯಿಸುವುದು 1991ರ ಅಕ್ಟೋಬರ್‌ನಲ್ಲಿ ಬಂದ ಸ್ಯಾಕ್ಸನಿ-ಆನ್‌ಹಾಲ್ಟ್ ಕಾಯ್ದೆ. ಅದರ ತಿರುಳು ಎರಡು ಮಾತು. ಮನೆಯನ್ನು ಹಾಳಾಗದಂತೆ ನೋಡಿಕೊಳ್ಳುವುದು ಒಡೆಯನ ಹೊಣೆ, ಆದರೆ ಅವನ ಆರ್ಥಿಕ ತ್ರಾಣ ಮೀರಿ ಅಲ್ಲ. ಕಟ್ಟಡದ ಮೂಲ ವಸ್ತುವನ್ನೋ ರೂಪವನ್ನೋ ಬದಲಿಸುವ ಯಾವುದೇ ಕೆಲಸಕ್ಕೆ ಕೈ ಹಚ್ಚುವ ಮುಂಚೆ ಸ್ಥಳೀಯ ಸ್ಮಾರಕ ಕಚೇರಿಯ ಅನುಮತಿ ಬೇಕು. ಚಿತ್ರ ತೂಗುಹಾಕಲು ಹೊಡೆಯುವ ಮೊಳೆ ಇದರಲ್ಲಿ ಬರುವುದಿಲ್ಲ. ಕಿಟಕಿ ಬದಲಿಸುವುದು, ಹಂಚು ಬದಲಿಸುವುದು, ಹೊರಗೋಡೆಗೆ ಬೇರೆ ಬಣ್ಣ ಬಳಿಯುವುದು, ಒಳಗಿನ ಹಳೆ ಮಣ್ಣಿನ ಗಿಲಾವು ಕೆರೆದು ಹಾಕುವುದು ಬರುತ್ತವೆ. ರಕ್ಷಣೆ ಇರುವುದು ಮುಂಭಾಗಕ್ಕೆ ಮಾತ್ರವಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ನೆಲಹಲಗೆಗಳಿಗೂ ಉಂಟು ಎನ್ನುವುದನ್ನು ಬಹಳ ಮಂದಿ ಮರೆಯುತ್ತಾರೆ.

ಹೊಣೆ ಹೊರಿಸಿದ ಸರ್ಕಾರವೇ ತೆರಿಗೆಯಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಇದನ್ನು ಅಂಕಿಗಳಲ್ಲೇ ಹೇಳಬೇಕು. ದುರಸ್ತಿಗೆ 1,00,000 ಯೂರೋ ಖರ್ಚಾಯಿತೆನ್ನಿ. ಮನೆಯಲ್ಲಿ ತಾನೇ ವಾಸವಿರುವ ಒಡೆಯ ಹತ್ತು ವರ್ಷ, ವರ್ಷಕ್ಕೆ 9,000 ಯೂರೋವರೆಗೆ ತನ್ನ ತೆರಿಗೆಯೋಗ್ಯ ಆದಾಯದಿಂದ ಕಳೆಯಬಹುದು. ಬಾಡಿಗೆಗೆ ಕೊಟ್ಟವನು ಮೊದಲ ಎಂಟು ವರ್ಷ 9,000, ಆಮೇಲಿನ ನಾಲ್ಕು ವರ್ಷ 7,000 ಕಳೆಯಬಹುದು. ಅಂದರೆ ಹನ್ನೆರಡು ವರ್ಷದಲ್ಲಿ ಪೂರ್ತಿ ಖರ್ಚು. ಕಳೆಯುವುದು ಆದಾಯದಿಂದ, ತೆರಿಗೆಯಿಂದ ಅಲ್ಲ. ಆದಾಯದ ಮೇಲಿನ ಪದರಕ್ಕೆ ಶೇ 35ರ ದರ ಬೀಳುವವನಿಗೆ 9,000 ಕಳೆದರೆ ಆ ವರ್ಷ ತೆರಿಗೆಯಲ್ಲಿ ಉಳಿತಾಯವಾಗುವುದು 3,150 ಯೂರೋ. ಮನೆಯ ಖರೀದಿ ಬೆಲೆ ಈ ಲೆಕ್ಕದಲ್ಲಿ ಸೇರುವುದಿಲ್ಲ, ಸರ್ಕಾರಿ ಸಹಾಯಧನ ಬಂದಿದ್ದರೆ ಅಷ್ಟನ್ನು ಖರ್ಚಿನಿಂದ ತೆಗೆದೇ ಲೆಕ್ಕ ಹಾಕಬೇಕು.

ಈ ರಿಯಾಯಿತಿ ಪಡೆಯುವಾಗ ಜನ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಸ್ಮಾರಕ ಕಚೇರಿಯವರನ್ನು ಮನೆಗೆ ಕರೆದು ತೋರಿಸಬೇಕು. ಯಾವ ತೊಲೆ, ಯಾವ ಗೋಡೆ, ಯಾವ ಸಾಮಗ್ರಿ ಎಂದು ಬರಹದಲ್ಲಿ ಒಪ್ಪಿಕೊಳ್ಳಬೇಕು. ಆಮೇಲೆ ಕೆಲಸ. ಕೆಲಸದ ನಡುವೆ ಏನಾದರೂ ಬದಲಾದರೆ ಮತ್ತೆ ಒಪ್ಪಿಗೆ. ಮುಗಿದ ಮೇಲೆ ಬಿಲ್ಲುಗಳನ್ನು ಕೊಟ್ಟು ಪ್ರಮಾಣಪತ್ರ ಪಡೆದು ತೆರಿಗೆ ಕಚೇರಿಗೆ ಸಲ್ಲಿಸಬೇಕು. ಮೊದಲು ಕೆಲಸ ಮಾಡಿಸಿ ಆಮೇಲೆ ಕೇಳಿದರೆ, ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಪ್ರಮಾಣಪತ್ರ ಸಿಗುವುದಿಲ್ಲ. ಜರ್ಮನಿಯಲ್ಲಿ ದುಡಿಯುತ್ತಿರುವ ಕನ್ನಡಿಗರು ತೆರಿಗೆ ಉಳಿಸಲೆಂದು ಇಂಥ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳುವ ಯೋಚನೆಯಲ್ಲಿದ್ದರೆ ಒಂದು ಮಾತು: ಖರೀದಿ ಕರಾರಿಗೆ ಸಹಿ ಬಿದ್ದ ಮೇಲೆ ನಡೆದ ದುರಸ್ತಿಗೆ ಮಾತ್ರ ಈ ರಿಯಾಯಿತಿ. ಆಗಲೇ ದುರಸ್ತಿಯಾಗಿ ಹೊಳೆಯುತ್ತಿರುವ ಫ್ಲ್ಯಾಟಿಗೆ ಇಲ್ಲ.

ಇನ್ನು ಮನೆಯ ವಿಷಯಕ್ಕೆ ಬರೋಣ. ಫಾಖ್‌ವೆರ್ಕ್ ಎಂದು ಕರೆಯುವ ಈ ಕಟ್ಟಣೆಯಲ್ಲಿ ಭಾರ ಹೊರುವುದು ಮರ. ಕಲ್ಲಿನ ಪಂಚಾಂಗದ ಮೇಲೆ ಅಡ್ಡಲಾಗಿ ಮಲಗಿದ ಅಡಿತೊಲೆ, ಅದರ ಮೇಲೆ ನಿಂತ ಕಂಬಗಳು, ಕಂಬಗಳ ತಲೆ ಹಿಡಿಯುವ ಮೇಲ್ತೊಲೆ, ನಡುವೆ ಅಡ್ಡಪಟ್ಟಿ, ಓರೆ ಆಸರೆ. ಒಂದು ಮರದ ನಾಲಿಗೆ ಇನ್ನೊಂದರ ತೂತಿಗೆ ಕೂರುತ್ತದೆ, ಓಕ್ ಮರದ ಗೂಟ ಅದನ್ನು ಬಿಗಿಯುತ್ತದೆ. ಎರಡೂ ಮರದ ತೂತುಗಳನ್ನು ಕೂದಲೆಳೆಯಷ್ಟು ಹಿಂದೆಮುಂದೆ ಕೊರೆದಿರುವುದರಿಂದ ಗೂಟ ಹೊಡೆದಂತೆ ಸಂದು ತಾನೇ ಎಳೆದುಕೊಳ್ಳುತ್ತದೆ. ಮರಗಳ ನಡುವಿನ ಚೌಕಗಳಲ್ಲಿ ಕಟ್ಟಿಗೆಯ ಕಡ್ಡಿಗಳನ್ನು ನಿಲ್ಲಿಸಿ, ವಿಲೋ ಬರಲಿನಿಂದ ತಡಿಕೆ ಹೆಣೆದು, ಹುಲ್ಲು ಕಲಸಿದ ಜೇಡಿಮಣ್ಣನ್ನು ಎರಡೂ ಕಡೆಯಿಂದ ಮೆತ್ತುತ್ತಾರೆ. ವಾರಗಟ್ಟಲೆ ಒಣಗಲು ಬಿಟ್ಟು ಮೇಲೆ ತೆಳು ಸುಣ್ಣದ ಗಿಲಾವು. ಮಲೆನಾಡಿನಲ್ಲಿ ತಡಿಕೆಗೆ ಮಣ್ಣು ಮೆತ್ತಿದ ಗೋಡೆ ನೋಡಿದವರಿಗೆ ಇದು ಅಪರಿಚಿತವೆನಿಸದು.

ಅದೇ ಊರಿನ ವೋರ್ಡ್‌ಗಾಸ್ಸೆ ಎಂಬ ಬೀದಿಯ 3ನೇ ನಂಬರಿನ ಮನೆಯನ್ನು ನಿಮ್ಮ ಲೇಖಕರು ಬಿಟ್ಟುಬಿಟ್ಟದ್ದು ಬೇಸರ ತಂದಿತು. ಅಲ್ಲಿ ಕಂಬಗಳು ನೆಲದಿಂದ ಮಾಡಿನವರೆಗೆ ಅಖಂಡವಾಗಿ ಏರುತ್ತವೆ, ತೊಲೆಗಳ ನಾಲಿಗೆ ಕಂಬವನ್ನೇ ತೂರಿಕೊಂಡು ಹೊರಗೆ ಬಂದಿದೆ. ಮುಂದಿನ ತಲೆಮಾರಿನ ಬಡಗಿಗಳು ಮಹಡಿಗೊಂದು ಚೌಕಟ್ಟಿನಂತೆ ಪೇರಿಸಿ, ಪ್ರತಿ ಮಹಡಿಯನ್ನೂ ಬೀದಿಯತ್ತ ತುಸು ಚಾಚಿ ಕಟ್ಟಿದರು. ಎರಡೂ ಪದ್ಧತಿಯ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಮನೆಗಳು ಉಳಿದಿರುವುದು ಕಡಿಮೆ. ಮರದ ಉಂಗುರ ಎಣಿಸಿ ಇದರ ಕಾಲವನ್ನು 1346-47 ಎಂದು ಗುರುತಿಸಿದ್ದಾರೆ. ಈಗ ಇದೇ ಮನೆ ಮರದ ಕಟ್ಟಣೆಯ ವಸ್ತುಸಂಗ್ರಹಾಲಯ. ಉಂಗುರ ಎಣಿಸುವ ಕ್ರಮ ಹೀಗೆ: ಪೆನ್ಸಿಲಿನಷ್ಟು ತೆಳುವಾದ ಕೊಳವೆಯಾಕಾರದ ತುಂಡನ್ನು ತೊಲೆಯಿಂದ ಕೊರೆದು ತೆಗೆಯುತ್ತಾರೆ, ಉಂಗುರಗಳ ಅಗಲವನ್ನು ಅಳೆದು ಆ ಸೀಮೆಯ ತಿಳಿದ ವರ್ಷಗಳ ಸರಣಿಗೆ ಹೊಂದಿಸುತ್ತಾರೆ. 50 ಉಂಗುರಗಳಾದರೂ ಇಲ್ಲದಿದ್ದರೆ ಹೊಂದಾಣಿಕೆಯನ್ನು ನಂಬುವುದು ಕಷ್ಟ. ತೊಗಟೆಯ ಒಳಗಿನ ಕೊನೆಯ ಉಂಗುರ ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಆಗಿನ ಬಡಗಿಗಳು ಹಸಿ ಮರವನ್ನೇ ಕೆತ್ತುತ್ತಿದ್ದುದರಿಂದ ಮನೆ ಕಟ್ಟಿದ್ದೂ ಹೆಚ್ಚುಕಡಿಮೆ ಆಗಲೇ. ಆದರೆ ಕೆಡವಿದ ಮನೆಯ ತೊಲೆಯನ್ನು ಮತ್ತೆ ಬಳಸಿರುವುದೂ ಉಂಟು. ಹಾಗಾಗಿ ಒಂದೇ ತೊಲೆಯ ಲೆಕ್ಕ ಹಿಡಿದು ಇಡೀ ಮನೆಯ ವಯಸ್ಸು ಹೇಳಬಾರದು.

ಇಂಥ ಮನೆ ಕೆಡುವುದು ಸಾಮಾನ್ಯವಾಗಿ ಬುಡದಿಂದ. ಶತಮಾನಗಳಲ್ಲಿ ಬೀದಿಯ ಮಟ್ಟ ಏರುತ್ತ ಬಂದು ಅಡಿತೊಲೆ ನೆಲಕ್ಕೆ ಹತ್ತಿರವಾಗುತ್ತದೆ. ಮಳೆಹನಿ ಕಲ್ಲುಹಾಸಿಗೆ ಬಡಿದು ಒಂದಡಿಯಷ್ಟು ಎತ್ತರಕ್ಕೆ ಸಿಡಿಯುತ್ತದೆ. ಮರದ ತೇವ ಶೇ 20 ದಾಟಿ ಹಾಗೇ ನಿಂತರೆ ಶಿಲೀಂಧ್ರಕ್ಕೆ ದಾರಿ. ಅದರಲ್ಲೂ ಮನೆ ತಿನ್ನುವ ಹೌಸ್‌ಷ್ವಾಮ್ ಎಂಬ ಅಣಬೆ ಬಂದರೆ ಕಣ್ಣಿಗೆ ಕಾಣುವ ಜಾಗದಿಂದ ಆಚೆಗೂ ಒಂದು ಮೀಟರ್ ಮರ ಕತ್ತರಿಸಿ ತೆಗೆಯಬೇಕು. ಅದರ ಎಳೆಗಳು ಗಾರೆಯೊಳಗೂ ಕಲ್ಲಿನ ಸಂದಿನೊಳಗೂ ಹಬ್ಬುತ್ತವೆ.

ಅಡಿತೊಲೆ ಬದಲಿಸುವಾಗ ಮೊದಲು ಮಹಡಿಯ ತೊಲೆಗಳಿಗೆ ಒಳಗಿನಿಂದ ಆಸರೆ ಕೊಟ್ಟು, ಜಾಕಿಯಿಂದ ಭಾರವನ್ನು ಕೆಲವೇ ಮಿಲಿಮೀಟರ್ ಎತ್ತುತ್ತಾರೆ. ಹೆಚ್ಚು ಎತ್ತಿದರೆ ಮೇಲಿನ ಮಹಡಿಯ ಗಿಲಾವು ಸೀಳುತ್ತದೆ. ಐನೂರು ವರ್ಷದಲ್ಲಿ ವಾಲಿದ ಮನೆಯನ್ನು ಒಂದೇ ದಿನದಲ್ಲಿ ನೆಟ್ಟಗೆ ಮಾಡುವ ಆಸೆ ಇಟ್ಟುಕೊಳ್ಳಬಾರದು. ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಒಣ ಮರವನ್ನು ಓರೆಸಂದಿನಿಂದ ಹಳೆಯದಕ್ಕೆ ಜೋಡಿಸುತ್ತಾರೆ. ಸಂದಿನ ಉದ್ದ ತೊಲೆಯ ಎತ್ತರದ ಎರಡು ಮೂರು ಪಟ್ಟು ಇರಬೇಕು. ಕೆಳಗೆ ಸುಣ್ಣದ ಗಾರೆಯ ಹಾಸು. ಬದಿಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಒಳಗೆ ಇಳಿದ ನೀರು ತೊಟ್ಟಿಯಲ್ಲಿ ನಿಂತಂತೆ ನಿಲ್ಲುತ್ತದೆ.

ಸಿಮೆಂಟಿನ ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಈ ಮನೆಗಳಿಗೆ ಪ್ರೀತಿಯಿಂದಲೇ ಆದ ಹಾನಿಯಲ್ಲಿ ದೊಡ್ಡ ಪಾಲು ಅದರದು. 20 ಸೆಂಟಿಮೀಟರ್ ಅಗಲದ ಓಕ್ ಕಂಬದ ತೇವ ಚಳಿಗಾಲಕ್ಕೂ ಬೇಸಿಗೆಗೂ ನಡುವೆ ಶೇ 5ರಷ್ಟು ಏರಿಳಿದರೆ ಅದರ ಅಗಲ ಸುಮಾರು 2 ಮಿಲಿಮೀಟರ್ ಬದಲಾಗುತ್ತದೆ. ಹಾಗಾಗಿ ಮರಕ್ಕೂ ಚೌಕದ ಗೋಡೆಗೂ ನಡುವೆ ಎಳೆಯಂಥ ಬಿರುಕು ಬಿಟ್ಟೇ ಬಿಡುತ್ತದೆ, ಮಳೆನೀರು ಅದರೊಳಗೆ ಹೀರಿಕೊಳ್ಳುತ್ತದೆ. ಸುಣ್ಣ, ಮಣ್ಣು ಇದ್ದರೆ ಆ ನೀರು ಗೋಡೆಯ ಇಡೀ ಮೈಯಿಂದ ಆರಿ ಹೋಗುತ್ತದೆ. ಗಟ್ಟಿ ಸಿಮೆಂಟಿನ ಗಿಲಾವೋ ಪ್ಲಾಸ್ಟಿಕ್ಕಿನಂಥ ಪೇಂಟೋ ಇದ್ದರೆ ಆರುವ ದಾರಿ ಮುಚ್ಚಿ, ನೀರು ಮರದ ಬದಿಯಲ್ಲೇ ಕೂರುತ್ತದೆ. ಬಿರುಕಿಗೆ ಸಿಲಿಕೋನ್ ತುಂಬುವುದೂ ಅಷ್ಟೇ: ಒಂದೆರಡು ವರ್ಷದಲ್ಲಿ ಒಂದು ಅಂಚು ಬಿಟ್ಟುಕೊಳ್ಳುತ್ತದೆ, ನೀರು ಒಳಗಿಳಿಯುತ್ತದೆ, ಹೊರಗೆ ಬರುವುದಿಲ್ಲ. ಬಲ್ಲ ಗಾರೆಯವರು ಗಿಲಾವು ಹಸಿಯಿರುವಾಗಲೇ ಮರದ ಅಂಚಿಗುಂಟ ಕರಣೆಯಿಂದ ಒಂದು ಗೆರೆ ಕೊಯ್ದುಬಿಡುತ್ತಾರೆ. ಬಿರುಕು ಆ ಗೆರೆಯಲ್ಲೇ ನೇರವಾಗಿ ಬಿಡಲಿ ಎಂದು. ಗಿಲಾವು ಮರದ ಮೈಗೆ ಸರಿಸಮವಾಗಿ ಮುಗಿಯಬೇಕು. ದಿಂಬಿನಂತೆ ಉಬ್ಬಿದರೆ ಅದರ ಮೇಲಂಚಿನಲ್ಲಿ, ಒಳಗೆ ತಗ್ಗಿದರೆ ಕೆಳಗಿನ ಅಡ್ಡಪಟ್ಟಿಯ ಮೇಲೆ ನೀರು ನಿಲ್ಲುತ್ತದೆ. ಮರಕ್ಕೆ ಅಗಸೆ ಎಣ್ಣೆಯ ಬಣ್ಣ ಸಾಕು.

ಮಣ್ಣಿನ ಗೋಡೆಯ ನಮ್ಮ ಹಳೆ ಮನೆಗಳಿಗೆ ಭದ್ರತೆಗೆಂದು ಸಿಮೆಂಟ್ ಗಿಲಾವು ಹೊಡೆಸಿದವರು ಕೆಲವೇ ಮಳೆಗಾಲದಲ್ಲಿ ಅದು ಹಪ್ಪಳದಂತೆ ಎದ್ದು, ಹಿಂದಿನ ಮಣ್ಣು ಹಿಟ್ಟಾಗಿ ಉದುರುವುದನ್ನು ಕಂಡಿರುತ್ತಾರೆ. ಹವೆ ಬೇರೆ, ಮರ ಬೇರೆ. ಕೆಡುವ ಕಾರಣ ಒಂದೇ.

ಚಳಿ ತಡೆಯಲು ಒಳಗಿನಿಂದ ಹೊದಿಕೆ ಹಾಕುವಾಗ ಅಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ದಪ್ಪ ಗಾಜಿನ ಹತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಜಿಪ್ಸಮ್ ಹಲಗೆ. ಹಾಳೆಯಲ್ಲಿ ಒಂದು ತೂತು ಬಿದ್ದರೂ ಕೋಣೆಯ ತೇವದ ಗಾಳಿ ತಣ್ಣಗಿನ ತೊಲೆಗೆ ತಾಗಿ ನೀರಾಗುತ್ತದೆ. ಹೊರಗಿನ ಮಳೆ ತಂದ ತೇವ ಒಳಗೆ ಆರಲೂ ಆಗದು. ಸರಿಯಾದ ಕ್ರಮವೆಂದರೆ 4 ಸೆಂಟಿಮೀಟರ್ ಆಸುಪಾಸಿನ ಮರದ ನಾರಿನ ಹಲಗೆಯನ್ನು ನಡುವೆ ಪೊಳ್ಳು ಬಿಡದೆ ಹಸಿ ಮಣ್ಣಿನ ಹಾಸಿಗೆ ಒತ್ತಿ ಕೂರಿಸಿ, ಮೇಲೆ ಮಣ್ಣಿನ ಗಿಲಾವು ಮಾಡುವುದು. ಅದಕ್ಕಿಂತ ದಪ್ಪ ಬೇಕೆಂದರೆ ಮೊದಲು ತೇವದ ಲೆಕ್ಕ ಹಾಕಿಸಬೇಕು. ಇಂಧನ ಉಳಿತಾಯದ ಕಾಯ್ದೆಯೇ ಸಂರಕ್ಷಿತ ಕಟ್ಟಡಗಳಿಗೆ ಅಳತೆ ಸಡಿಲಿಸಲು ಅವಕಾಶ ಕೊಟ್ಟಿದೆ. ಹಾಗಿರುವಾಗ ಹೊಸ ಮನೆಯ ಮಟ್ಟ ಮುಟ್ಟಲೇಬೇಕೆಂಬ ಹಟ ಬೇಕಿಲ್ಲ.

ಇಷ್ಟಾಗಿಯೂ ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾವು ಹೇಳುತ್ತಿಲ್ಲ. ಪೂರ್ವ ಜರ್ಮನಿಯ ಕಾಲದಲ್ಲಿ ಬಾಡಿಗೆಯನ್ನು ಎಷ್ಟು ಕಡಿಮೆಗೆ ಕಟ್ಟಿಹಾಕಿದ್ದರೆಂದರೆ ಹಂಚು ಬದಲಿಸಲೂ ಅದು ಸಾಲುತ್ತಿರಲಿಲ್ಲ. ಮಾಡು ಸೋರಿ ಸಾಲು ಸಾಲು ಮನೆಗಳು ಕುಸಿದವು, ಹಲವನ್ನು ಕೆಡವಿದರು. 1975ರಲ್ಲೇ ಆ ದೇಶಕ್ಕೊಂದು ಸ್ಮಾರಕ ಕಾಯ್ದೆ ಬಂದಿತ್ತು. ಹಣವಾಗಲಿ ಹಂಚಾಗಲಿ ಬರಲಿಲ್ಲ. 1991ರಲ್ಲಿ ಹಳೆ ಊರುಗಳ ರಕ್ಷಣೆಗೆಂದು ಶುರುವಾದ ಯೋಜನೆಯಲ್ಲಿ ಒಕ್ಕೂಟ ಶೇ 40, ರಾಜ್ಯ ಶೇ 40, ಪಟ್ಟಣ ಶೇ 20 ಹಾಕಿದ ಮೇಲೆಯೇ ಚಿತ್ರ ಬದಲಾದದ್ದು. ಈಗಿನ ತೆರಿಗೆ ರಿಯಾಯಿತಿಯಲ್ಲೂ ಒಂದು ಅನ್ಯಾಯವಿದೆ: ಆದಾಯ ಹೆಚ್ಚಿದ್ದವನಿಗೆ ಉಳಿತಾಯ ಹೆಚ್ಚು. ಸಣ್ಣ ಪಿಂಚಣಿಯಲ್ಲಿ ಬದುಕುವ ಮುದುಕಿಗೆ, ತೆರಿಗೆ ಬೀಳುವಷ್ಟು ಆದಾಯವೇ ಇಲ್ಲದಿರುವಾಗ, ಅದರಿಂದ ಬರುವುದು ಸೊನ್ನೆ. ಅವಳ ಮನೆಯ ಅಡಿತೊಲೆಗೆ ನೇರ ಸಹಾಯಧನವೇ ಬೇಕು.

ಕರ್ನಾಟಕದ 1961ರ ಸ್ಮಾರಕ ಕಾಯ್ದೆಯಲ್ಲಿ ಗುಡಿ, ಕೋಟೆ, ಶಾಸನಗಳಿಗೆ ಸಿಕ್ಕ ಗಮನ ಜನ ವಾಸವಿರುವ ಮನೆಗಳಿಗೆ ಸಿಕ್ಕಿಲ್ಲ. ಆ ಚರ್ಚೆಯನ್ನು ನಿಮ್ಮ ಪತ್ರಿಕೆ ಎತ್ತುವುದಾದರೆ ದಯವಿಟ್ಟು ಮೊಳೆಯ ಮಾತನ್ನು ಮೊದಲು ತಿದ್ದಿ ಪ್ರಕಟಿಸಿ. ಜರ್ಮನಿಯಲ್ಲಿರುವ ನಿಮ್ಮ ಓದುಗರು ಸೆಪ್ಟೆಂಬರಿನ ಎರಡನೇ ಭಾನುವಾರ ಬಿಡುವು ಮಾಡಿಕೊಳ್ಳಲಿ. ಅಂದು ದೇಶದಾದ್ಯಂತ ತೆರೆದ ಸ್ಮಾರಕಗಳ ದಿನ. ಬೇರೆ ದಿನ ಮುಚ್ಚಿರುವ ಎಷ್ಟೋ ಮನೆಗಳ ಬಾಗಿಲು ತೆರೆದಿರುತ್ತದೆ, ದುರಸ್ತಿ ಅರ್ಧಕ್ಕೆ ನಿಂತ ಮನೆಗಳದ್ದೂ. ಮುಗಿದ ಮನೆಗಿಂತ ಅಂಥ ಅರ್ಧ ಬಿಚ್ಚಿದ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲಿ. ತಡಿಕೆ, ಮಣ್ಣು, ಹಳೆ ಗೂಟ, ಹೊಸ ಸಂದು ಎಲ್ಲವೂ ಅಲ್ಲಿ ಕಣ್ಣೆದುರಿಗೇ ಇರುತ್ತವೆ. ಬಡಗಿ ಅಲ್ಲೇ ಇದ್ದರೆ ಕೇಳಿದ್ದಕ್ಕೆಲ್ಲ ಉತ್ತರವೂ ಸಿಗುತ್ತದೆ.

ಇತಿ,
ಹಳೆ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವ ಇಬ್ಬರು ಓದುಗರು
ಧಾರವಾಡ