ಜವಾರಿ ತಟ್ಟೆ, ಹೈಬ್ರಿಡ್ ತಟ್ಟೆ

ಬಳ್ಳಾರಿ
ಶನಿವಾರ ರಾತ್ರಿ

ದೋಸ್ತ ವೀರೇಶ,

ನೀನು ಕಳಿಸಿದ ಗ್ರಾಮಫೋನ್ ತಟ್ಟೆಯ ಪಾರ್ಸೆಲ್ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಅಂತ ಫೋನಿನಲ್ಲಿ ಬೈದೆ. ಸುಮ್ನೆ ಕೂತಿರಲಿಲ್ಲ, ಕೇಳುತ್ತಿದ್ದೆ. ರಟ್ಟಿನೊಳಗೆ ನೀನು ಇಟ್ಟಿದ್ದ ಚೀಟಿ ಈಗಲೂ ಪ್ಲೇಯರಿನ ಪಕ್ಕದಲ್ಲೇ ಇದೆ. "ಹಳೇದು ಜವಾರಿ, ಹೊಸದು ಹೈಬ್ರಿಡ್. ಕೇಳಿ ನೋಡಿ ಒಪ್ಕೋ." ಜವಾರಿ ಅಂದರೆ ನಮ್ಮ ಕಡೆ ನಾಟಿ. ಹಾಗಂತ ಬರೆದವನು ಹೊಸ ತಟ್ಟೆಗೆ ಅಷ್ಟೊಂದು ದುಡ್ಡು ಸುರಿದದ್ದು ಯಾಕೆ ಅಂತ ಮಾತ್ರ ತಿಳಿಯಲಿಲ್ಲ. ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಹಳೆ ತಟ್ಟೆ ಮೇಲೋ ಹೊಸದು ಮೇಲೋ ಅನ್ನುವ ನಮ್ಮ ಜಗಳಕ್ಕೆ ನಾಲ್ಕು ಜನ ಸಾಕ್ಷಿ ಇರಲಿ.

ಈಗ ನನ್ನ ಹತ್ತಿರ ಒಂದೇ ಹಾಡುಗಾರಿಕೆಯ ಮೂರು ತಟ್ಟೆಗಳಿವೆ. ಗಾಯಕರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಆಗಲೇ ಪಕ್ಷ ಕಟ್ಟಿಬಿಡುತ್ತಾರೆ. ಮೊದಲನೆಯದು ನಮ್ಮಪ್ಪನ ಮೈಕ್ ಸೆಟ್ ಅಂಗಡಿಯದು. ಎರಡನೆಯದು ಗಂಗಾವತಿಯಲ್ಲಿ ಬಾಗಿಲು ಮುಚ್ಚಿದ ಒಂದು ರೇಡಿಯೊ ಅಂಗಡಿಯ ಅಟ್ಟದಲ್ಲಿ ಸಿಕ್ಕಿದ್ದು. ಎಪ್ಪತ್ತರ ದಶಕದ್ದೇ, ಆದರೆ ಮಾರಾಟವಾಗದೆ ಉಳಿದು, ಮುಳ್ಳು ಸೋಕದೆ ಕೂತಿದ್ದ ಮಾಲು. ಇವೆರಡೂ ಕಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ ಒತ್ತಿದವು. ಮೂರನೆಯದು ನೀನು ಕಳಿಸಿದ ಹೊಸ ತಟ್ಟೆ, 180 ಗ್ರಾಂ.

ಮೊದಲ ದಿನ ನಿನ್ನ ತಟ್ಟೆಯೇ ಗೆದ್ದಿತು. ಹಾಕಿದ ಕೂಡಲೇ ದನಿ ಮುಂದೆ ಬಂದು ಕೂತಂತಾಯಿತು. ಹಿಂದೆ ಸದ್ದೇ ಇಲ್ಲ. ಅಪ್ಪನ ತಟ್ಟೆ ಹಾಕಿದರೆ ಮಗಳು ಅಡುಗೆಮನೆ ಕಡೆ ನೋಡಿ, "ಯಾರಪ್ಪಾ ಮಿರ್ಚಿ ಕರೀತಿರೋದು?" ಅಂದಳು. ಆಮೇಲೆ ನನ್ನ ತಪ್ಪು ಗೊತ್ತಾಯಿತು. ನಿನ್ನ ತಟ್ಟೆಯ ಸದ್ದು ಸ್ವಲ್ಪ ಜೋರಾಗಿಯೇ ಕೊರೆದದ್ದು. ಜೋರಿದ್ದದ್ದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳುತ್ತದೆ, ಇದು ಮೈಕ್ ಸೆಟ್ಟಿನವರ ಮನೆಯಲ್ಲಿ ಹುಟ್ಟಿದ ನನಗೆ ಮೊದಲೇ ಹೊಳೆಯಬೇಕಿತ್ತು. ಜಾತ್ರೆಯಲ್ಲಿ ಎರಡು ಸೆಟ್ ಎದುರುಬದುರು ಕಟ್ಟಿದರೆ ಅಪ್ಪ ಮಾಡುತ್ತಿದ್ದದ್ದು ಒಂದೇ ಕೆಲಸ, ವಾಲ್ಯೂಮ್ ತಿರುಗಿಸುವುದು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಮೂರಕ್ಕೂ ಒಂದೇ ಮಟ್ಟ ಮಾಡಿದ ಮೇಲೆ ಕಥೆ ಬೇರೆಯಾಯಿತು.

ಈಗ ನಿನ್ನ ಜವಾರಿಗೆ ಬರುತ್ತೇನೆ.

ತಂಬೂರಿಗೂ ಒಂದು ಜವಾರಿ ಇದೆ, ನೆನಪಿದೆಯಾ? ತಂತಿಯನ್ನು ಹೊತ್ತ ತುಂಡಿಗೆ ಕುದುರೆ ಅನ್ನುತ್ತಾರೆ. ಅದರ ಮೇಲೆ ತಂತಿ ಹಾಯುವ ಕಡೆ ಕೆಳಗೊಂದು ನೂಲಿನ ಎಳೆ ತೂರಿಸುತ್ತಾರೆ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ತಂತಿಯ ದನಿ ಥಟ್ಟನೆ ಬಿಚ್ಚಿಕೊಳ್ಳುತ್ತದೆ. ತಂತಿ ಕುದುರೆಯ ಇಳಿಜಾರಿಗೆ ಒಂದಿಷ್ಟೇ ತಾಗಿ ಝೇಂಕರಿಸುತ್ತದೆ. ಒಂದು ಸ್ವರದ ಮೇಲೆ ಹತ್ತಾರು ಸಣ್ಣ ಸ್ವರಗಳು ಎದ್ದು ಬರುತ್ತವೆ. ಅವು ತುಂಬಾ ಎತ್ತರದ, ತುಂಬಾ ಮೆಲುವಾದ ಸದ್ದುಗಳು. ಹಾಡನ್ನು ಮೊದಲು ಹಿಡಿದಿಟ್ಟ ಟೇಪಿನ "ಸ್ಸ್" ಅನ್ನುವ ಸದ್ದೂ ಸರಿಯಾಗಿ ಅದೇ ಜಾಗದಲ್ಲಿ ಇರುತ್ತದೆ. ಈಗ ಹಳೆ ಟೇಪನ್ನು ಕಂಪ್ಯೂಟರಿನಲ್ಲಿ "ಸ್ವಚ್ಛ" ಮಾಡುವವನು ಕೈ ಜಾಸ್ತಿ ಮಾಡಿದರೆ ಕಸದ ಜೊತೆ ಜವಾರಿಯೂ ಹೋಗುತ್ತದೆ. ನಿನ್ನ ಹೊಸ ತಟ್ಟೆಯಲ್ಲಿ ಆಗಿರುವುದು ಇದೇ ಅಂತ ನನ್ನ ಅನುಮಾನ. ಗಾಯಕರ ದನಿ ತುಂಬಿ ಹರಿಯುವಾಗ ಏನೂ ವ್ಯತ್ಯಾಸ ಸಿಗಲಿಲ್ಲ. ಅವರು ಉಸಿರು ತಗೊಳ್ಳಲು ನಿಲ್ಲುತ್ತಾರಲ್ಲ, ತಂಬೂರಿ ಒಂಟಿಯಾಗಿ ಉಳಿಯುವ ಆ ಎರಡು ಮೂರು ಸೆಕೆಂಡು, ಅಲ್ಲಿ ಸಿಕ್ಕಿತು. ಗಂಗಾವತಿ ತಟ್ಟೆಯಲ್ಲಿ ತಂಬೂರಿ ಝೇಂಕರಿಸುತ್ತಲೇ ಇರುತ್ತದೆ. ನಿನ್ನದರಲ್ಲಿ ಬಾಗಿಲು ಅರ್ಧ ಮುಂದೆ ಮಾಡಿದಂತೆ.

ಇದಕ್ಕೆ ಇನ್ನೊಂದು ಕಾರಣವೂ ಇರಬಹುದು. ಆಗ ಟೇಪ್ ಹೊಸದಿತ್ತು. ರೆಕಾರ್ಡಿಂಗ್ ಆಗಿ ಸ್ವಲ್ಪ ದಿನಕ್ಕೇ ಅದರಿಂದ ಮೆತ್ತನೆಯ ಲೇಪದ ಲ್ಯಾಕರ್ ತಟ್ಟೆ ಕೊರೆದು, ಅದರ ಮೇಲೆ ನಿಕ್ಕಲ್ ಕೂರಿಸಿ, ಆ ಅಚ್ಚಿನಿಂದ ಒತ್ತಿದರು. ಈಗ ಅದೇ ಟೇಪಿಗೆ ಐವತ್ತು ವರ್ಷ. ಕಾಂತ ಸಡಿಲಾಗಿ ಮೇಲಿನ ಸ್ವರಗಳೇ ಮೊದಲು ಮಂಕಾಗುತ್ತವೆ. ಹಳೆ ತಟ್ಟೆ ಅಂದರೆ ಟೇಪಿನ ಹರೆಯದ ಫೋಟೊ.

ಹಾಗಾದರೆ ನೀನೇ ಗೆದ್ದೆ ಅಂತ ಕುಣಿಯಬೇಡ. ಮಗಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ನಾನು ಗೋಡೆಗೆ ಮುಖ ಮಾಡಿ ಕೂತೆ. ಅವಳು ತನಗೆ ತೋಚಿದ ತಟ್ಟೆ ಹಾಕಬೇಕು, ನಾನು ಯಾವುದು ಅಂತ ಹೇಳಬೇಕು. ಅಪ್ಪನ ತಟ್ಟೆಯನ್ನು ಹೊರಗಿಟ್ಟೆವು, ಅದು ಮಿರ್ಚಿ ಸದ್ದಿನಲ್ಲೇ ಸಿಕ್ಕಿಬೀಳುತ್ತದೆ. ಉಳಿದ ಎರಡರಲ್ಲಿ ಹತ್ತು ಸಲಕ್ಕೆ ಏಳು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಐದು ಬರುತ್ತಿತ್ತು. ತಂಬೂರಿ ಒಂಟಿ ಉಳಿಯದ ಜಾಗದಲ್ಲಿ ಅವಳು ಬೇಕಂತಲೇ ಮುಳ್ಳು ಇಟ್ಟಾಗ ಮೂರು ಸಲವೂ ತಪ್ಪು. ಭೂಮಿ ಆಕಾಶದ ಅಂತರ ಅನ್ನುತ್ತೀಯಲ್ಲ, ಅದು ನನ್ನ ಕಿವಿಗಂತೂ ಸಿಗಲಿಲ್ಲ.

ಅಪ್ಪನ ತಟ್ಟೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪು ತಟ್ಟೆಯ ಮೇಲೆ ಬೂದು ಪಟ್ಟಿ ಕಾಣುತ್ತದೆ. ಮುಳ್ಳು ಓಡುವ ಗೆರೆಯ ಗೋಡೆ ಸವೆದ ಗುರುತು ಅದು. ಶಾಸ್ತ್ರೀಯ ಹಾಡಿನ ತಟ್ಟೆಯಾದರೂ ಕೊನೆಯ ಭಾಗದಲ್ಲಿ ಒಂದು ಭಜನೆ ಇದೆ, ಪಟ್ಟಿ ಇರುವುದು ಅಲ್ಲೇ. ಮದುವೆಮನೆಯವರು ಕೇಳುತ್ತಿದ್ದದ್ದು ಅದೊಂದನ್ನೇ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಸೆಟ್ ಕಟ್ಟಿಕೊಂಡು ಮೆರವಣಿಗೆ ಹೋಗುವಾಗ ಮುಳ್ಳು ಹಾರದಿರಲಿ ಅಂತ ಅಪ್ಪ ಅದರ ತಲೆಯ ಮೇಲೆ ನಾಲ್ಕಾಣೆ ಬಿಲ್ಲೆ ಅಂಟಿಸುತ್ತಿದ್ದರು. ಆ ಬಿಲ್ಲೆಯ ತೂಕ ಎರಡೂವರೆ ಗ್ರಾಂ. ಮುಳ್ಳು ಕೂರುವ ತಲೆಗೆ ಕಾರ್ಟ್ರಿಜ್ ಅನ್ನುತ್ತಾರೆ, ಇವತ್ತಿನ ಒಳ್ಳೆಯ ಕಾರ್ಟ್ರಿಜ್ ತಟ್ಟೆಯ ಮೇಲೆ ಹಾಕುವ ಒಟ್ಟು ಭಾರವೇ ಹೆಚ್ಚುಕಡಿಮೆ ಎರಡು ಗ್ರಾಂ. ಆಗಿನ ಪೆಟ್ಟಿಗೆ ಪ್ಲೇಯರುಗಳು ಬಿಲ್ಲೆ ಇಲ್ಲದೆಯೇ ಐದಾರು ಗ್ರಾಂ ಒತ್ತುತ್ತಿದ್ದವು. ಮುಳ್ಳು ಸವೆದರೂ ಬದಲಾಯಿಸುತ್ತಿರಲಿಲ್ಲ, ಸವೆದ ಮುಳ್ಳು ಉಳಿಯಂತೆ ಕೆರೆಯುತ್ತದೆ. ಆ ಬೂದು ಪಟ್ಟಿಯಲ್ಲಿ ಗಾಯಕರ ದನಿ ತಾರಕ್ಕೆ ಹೋದಾಗಲೆಲ್ಲ ಹರಿದ ಸ್ಪೀಕರಿನಂತೆ ಕರಕರ ಅನ್ನುತ್ತದೆ. ಎಷ್ಟು ತೊಳೆದರೂ ಹೋಗಲ್ಲ. "ಹಳೆ ರೆಕಾರ್ಡಿನ ಸದ್ದು" ಅಂತ ಜನ ಹೇಳುವುದರಲ್ಲಿ ಅರ್ಧಕ್ಕರ್ಧ ರೆಕಾರ್ಡಿನದಲ್ಲ, ನಮ್ಮಪ್ಪನಂಥವರ ನಾಲ್ಕಾಣೆಯದು.

ಸವೆತ ಕೊನೆ ಹಾಡಿಗೇ ಜಾಸ್ತಿ ಬಡಿಯುವುದಕ್ಕೂ ಕಾರಣ ಇದೆ. ನಮ್ಮ ತುಂಗಭದ್ರಾ ಕಾಲುವೆ ಇದ್ದಂಗೆ ಅಂತ ತಿಳಿ. ಸ್ಟೀರಿಯೊ ತಟ್ಟೆಯ ಗೆರೆಗೂ ಎಡದಂಡೆ, ಬಲದಂಡೆ ಇವೆ, ಒಂದೊಂದು ಗೋಡೆಯಲ್ಲಿ ಒಂದೊಂದು ಸ್ಪೀಕರಿನ ಸದ್ದು. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸುತ್ತುತ್ತದೆ, ಹೊರಗಾದರೂ ಅಷ್ಟೇ, ಒಳಗಾದರೂ ಅಷ್ಟೇ. ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾಯುತ್ತದೆ. ಲೇಬಲ್ ಹತ್ತಿರ ಬಂದಾಗ ಬರೀ 21. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಕೊನೆ ಭಾಗದ ರೈತರ ಪಾಡು ನಿನಗೆ ಹೇಳಬೇಕಾಗಿಲ್ಲ, ನಿಮ್ಮ ಹೊಲ ಇರುವುದೇ ಅಲ್ಲಿ. ಹೊಸ ತಟ್ಟೆಗೂ ಇದರಿಂದ ಬಿಡುಗಡೆ ಇಲ್ಲ. 180 ಗ್ರಾಂ ಇದ್ದರೂ ಅಷ್ಟೇ, 120 ಗ್ರಾಂ ಇದ್ದರೂ ಅಷ್ಟೇ. ಭಾರದ ತಟ್ಟೆ ಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಸುಲಭಕ್ಕೆ ಡೊಂಕಾಗಲ್ಲ. ಗೆರೆಯ ಆಳ, ಅಗಲ ಮಾತ್ರ ಎರಡರಲ್ಲೂ ಒಂದೇ. ತೂಕಕ್ಕೆ ದುಡ್ಡು ಕೊಡುವುದು ನನಗಂತೂ ಒಗ್ಗಲಿಲ್ಲ.

ಇನ್ನು ಹೊಸದು ಕಣ್ಣುಮುಚ್ಚಿ ಗೆದ್ದ ಜಾಗ. ನನ್ನ ಹತ್ತಿರ ಎಪ್ಪತ್ತರ ದಶಕದ ನಡುವಿನ ಒಂದು ಸಿನಿಮಾ ಎಲ್‌ಪಿ, ಅಂದರೆ ಇದೇ ಥರದ ದೊಡ್ಡ ತಟ್ಟೆ, ಇದೆ. ಅದರ ಹೊಸ ಒತ್ತು ಕೂಡ ಈಚೆಗೆ ಸಿಕ್ಕಿತು. ಹಳೆಯದನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಹಪ್ಪಳದಂತೆ ಬಾಗುತ್ತದೆ. ತಟ್ಟೆಯ ಪ್ಲಾಸ್ಟಿಕ್, ಅಂದರೆ ವಿನೈಲ್, ಆಗುವುದು ಪೆಟ್ರೋಲಿಯಂನಿಂದ. 1973ರಲ್ಲಿ ತೈಲದ ಬೆಲೆ ಏರಿದಾಗ ಜಗತ್ತಿನ ಎಷ್ಟೋ ಕಂಪನಿಗಳು ತಟ್ಟೆ ತೆಳ್ಳಗೆ ಮಾಡಿದವು, ಹಳೆ ತಟ್ಟೆ ಕರಗಿಸಿ ಬೆರೆಸಿದವು. ನನ್ನದಕ್ಕೂ ಅದೇ ಗತಿ ಆಗಿದೆಯೋ ಏನೋ, ಹಾಡು ಶುರುವಾಗುವ ಮೊದಲೇ ಮರಳು ಜರಡಿ ಹಿಡಿದಂತೆ ಸದ್ದು. ಪಿಟೀಲುಗಳೆಲ್ಲ ಒಂದೇ ಮುದ್ದೆ. ಹೊಸದರಲ್ಲಿ ಒಂದೊಂದು ಪಿಟೀಲೂ ಬೇರೆ ಬೇರೆ, ಡೋಲಕ್ಕಿನ ಚರ್ಮದ ಬಿಗಿ ಕೂಡ ಗೊತ್ತಾಗುತ್ತದೆ. ಜವಾರಿ ಬದನೆಕಾಯಿಯಲ್ಲೂ ಹುಳ ಇರುತ್ತದೆ ದೋಸ್ತಾ.

"ಹೊಸದರ ಹೊಟ್ಟೆಯಲ್ಲಿ ಡಿಜಿಟಲ್ ಇದೆ, ಅದಕ್ಕೇ ಜೀವ ಇಲ್ಲ" ಅಂತ ಹೋದ ಸಲ ವಾದ ಮಾಡಿದ್ದೆಯಲ್ಲ. ಅದಕ್ಕೊಂದು ಮಜದ ಸಂಗತಿ ಹೇಳುತ್ತೇನೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಅಂತ ಒಂದು ಕಂಪನಿ. ಮೂಲ ಟೇಪಿನಿಂದ ಮಾಡಿದ ತಟ್ಟೆ ಅಂತ ಅದಕ್ಕೆ ದೊಡ್ಡ ಹೆಸರು, ದೊಡ್ಡ ಬೆಲೆ. ಎಷ್ಟೋ ವರ್ಷಗಳಿಂದ ನಡುವೆ ಒಂದು ಡಿಜಿಟಲ್ ಹಂತವೂ ಇದೆ ಅನ್ನುವುದು 2022ರಲ್ಲಿ ಹೊರಬಿತ್ತು. ಜನ ಕೋರ್ಟಿಗೆ ಹೋದರು. ಆದರೆ ಅಲ್ಲಿಯವರೆಗೆ ಅದೇ ತಟ್ಟೆಗಳನ್ನು ಕೇಳಿ "ಇದು ಶುದ್ಧ ಅನಲಾಗ್, ಡಿಜಿಟಲ್ ಸೋಂಕೇ ಇಲ್ಲ, ಎಂಥಾ ಜೀವ" ಅಂತ ಹೊಗಳಿದವರೂ ಅವರ ನಡುವೆಯೇ ಇದ್ದರು. ಸುಳ್ಳು ಹೇಳಿದ್ದು ಕಂಪನಿಯ ತಪ್ಪೇ. ಕಿವಿಗೆ ಗೊತ್ತಾಗಲಿಲ್ಲ ಅನ್ನುವುದೂ ಅಷ್ಟೇ ನಿಜ.

ಹೊಸದರಲ್ಲಿ ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಹೋದ ವರ್ಷ ನಾನೇ ತರಿಸಿದ ಒಂದು ವಾದ್ಯದ ತಟ್ಟೆಯ ನಡುವಿನ ತೂತು ನಡುವಿನಲ್ಲೇ ಇಲ್ಲ. ಒಂದು ಮಿಲಿಮೀಟರಿನಷ್ಟು ಸರಿದಿದೆ. ಮುಳ್ಳಿನ ತೋಳು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಸಿನಿಮಾ ಹಾಡಾಗಿದ್ದರೆ ಗೊತ್ತಾಗುತ್ತಿರಲಿಲ್ಲವೇನೋ. ತಂಬೂರಿ ಇದ್ದರೆ ಮುಗಿಯಿತು, ಷಡ್ಜ ಪ್ರತಿ ಸುತ್ತಿಗೂ ಒಮ್ಮೆ ಏರಿ ಇಳಿಯುತ್ತದೆ. ಶ್ರುತಿಯೇ ತಲೆ ತಿರುಗಿ ಬಿದ್ದಂತೆ. ವಾಪಸ್ ಕಳಿಸಿದೆ, ಬದಲಿಗೆ ಬಂದದ್ದೂ ಹಾಗೇ ಇತ್ತು.

ನಮ್ಮೂರಿನ ಹವೆಯ ಬಗ್ಗೆ ಕೇಳಿದ್ದೆ. ಒಂದು ಲಾಭ, ಒಂದು ನಷ್ಟ. ಒಣಹವೆ ಆದ್ದರಿಂದ ತಟ್ಟೆಗೆ ಬೂಸ್ಟು ಹಿಡಿಯಲ್ಲ. ನಿನ್ನ ಬೆಂಗಳೂರಿನ ಪೆಟ್ಟಿಗೆಯಲ್ಲಿ ನೋಡಿದ್ದೆನಲ್ಲ, ಬಿಳಿ ಚುಕ್ಕೆ, ಅದು ಇಲ್ಲಿಲ್ಲ. ಆದರೆ ಒಣಗಾಳಿಗೆ ತಟ್ಟೆ ಸ್ಟ್ಯಾಟಿಕ್, ಅಂದರೆ ಉಜ್ಜಿದರೆ ಹುಟ್ಟುವ ಕರೆಂಟು, ಹಿಡಿಯುತ್ತದೆ, ಕವರಿನಿಂದ ಎಳೆದ ಕೂಡಲೇ ಚಿಟಿಚಿಟಿ. ಊರಿನ ಕೆಂಪು ಧೂಳೆಲ್ಲ ಅದರ ಮೇಲೇ ಬಂದು ಕೂರುತ್ತದೆ. ಹೊಸ ತಟ್ಟೆಯೂ ಎರಡೇ ತಿಂಗಳಲ್ಲಿ ಮಿರ್ಚಿ ಕರಿಯಲು ಶುರು. ಏಪ್ರಿಲ್‌ನಲ್ಲಿ ನೆಲ ಒರೆಸಿ, ಆ ಒದ್ದೆ ಆರುವ ಮೊದಲೇ ಹಾಡು ಹಾಕುತ್ತೇನೆ. ನಗಬೇಡ, ಸದ್ದು ನಿಜಕ್ಕೂ ಕಡಿಮೆಯಾಗುತ್ತದೆ. ತಟ್ಟೆಗಳೆಲ್ಲ ಹಳೆ ಮನೆಯ ಮಣ್ಣಿನ ಮಾಳಿಗೆಯ ಕೋಣೆಯಲ್ಲಿವೆ, ನೆಟ್ಟಗೆ ನಿಲ್ಲಿಸಿ ಇಟ್ಟಿದ್ದೇನೆ. ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದ ಹನ್ನೊಂದು ತಟ್ಟೆ ಒಂದೇ ಬೇಸಿಗೆಗೆ ಬಟ್ಟಲಾಗಿದ್ದವು, ಅದರಲ್ಲಿ ಹೊಸದೂ ಇತ್ತು, ಹಳೆಯದೂ ಇತ್ತು.

ನಿಮ್ಮಜ್ಜನ ಅರಗಿನ ತಟ್ಟೆಗಳ ಮೇಲೆ ಮಾತ್ರ ಈ ಪ್ಲೇಯರಿನ ಮುಳ್ಳು ಇಡಬೇಡ. ಅವು ನಿಮಿಷಕ್ಕೆ 78 ಸುತ್ತಿನ ವೇಗದವು, ಗೆರೆ ತುಂಬಾ ಅಗಲ. ನಮ್ಮ ಎಲ್‌ಪಿ ಮುಳ್ಳು ಕಾಳಿನ ಹಗೇವಿಗೆ ಇಳಿದ ಇಲಿಮರಿಯಂತೆ ತಳಕ್ಕೆ ಬಿದ್ದು ಒದ್ದಾಡುತ್ತದೆ. ಅದಕ್ಕೆ ದಪ್ಪ ಮುಳ್ಳು ಬೇರೆಯೇ ಬೇಕು. ಒಡೆಯದಂತೆ ಬಟ್ಟೆ ಸುತ್ತಿ ಇಡು, ಮುಂದೆ ನೋಡೋಣ.

ಯುಗಾದಿಗೆ ಬರುತ್ತೀಯಲ್ಲ, ಸಿನಿಮಾ ತಟ್ಟೆಗಳ ಪೆಟ್ಟಿಗೆ ಹಿಡಿದುಕೊಂಡು ಬಾ. ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ದಾರಿಯಲ್ಲಿ ಊಟಕ್ಕೆ ಇಳಿಯಬೇಡ, ಮುಚ್ಚಿದ ಕಾರಿನ ಬಿಸಿಗೆ ಒಂದು ಗಂಟೆ ಸಾಕು. ನನ್ನ ಕಾರ್ಟ್ರಿಜ್‌ಗೆ ಅಂಡಾಕಾರದ ತುದಿಯ ಎಲಿಪ್ಟಿಕಲ್ ಮುಳ್ಳು ಒಂದು ತಂದುಕೊಡು, ಇಲ್ಲಿ ಸಿಗುತ್ತಿಲ್ಲ. ದುಡ್ಡು ಬಂದಾಗ ಕೊಡುತ್ತೇನೆ. ಮತ್ತೆ, ನೀನು ಗೋಡೆಗೆ ಮುಖ ಮಾಡಿ ಕೂರಬೇಕಾಗುತ್ತದೆ. ಮಗಳು ಈಗಲೇ ಕಾಯುತ್ತಿದ್ದಾಳೆ.

ನಿನ್ನ,
ಮೈಕ್ ಸೆಟ್ಟಿನವರ ಹುಡುಗ